ಕಪ್ಪುಹಲಗೆಯ ಮೇಲಿನ ಹೆಸರು

ಅಣ್ಣನ ಮೊಮ್ಮಗಳ ಇಂಗ್ಲಿಷ್ ಶಾಲೆಯ ಡೈರಿಯಲ್ಲಿ ಅವಳ ಮಿಸ್ ಬರೆದು ಕಳಿಸಿದ್ದರು: ತರಗತಿಯಲ್ಲಿ ಕನ್ನಡ ಮಾತಾಡಿದ್ದಾಳೆ. ಅಣ್ಣ ಕೂಗಾಡುತ್ತಿದ್ದ. ನನ್ನ ಮೂಗಿಗೆ ಮಾತ್ರ ಬೇಯಿಸಿದ ರೇಷ್ಮೆಗೂಡಿನ ವಾಸನೆ ಅಡರಿತು.

ಚಿಕ್ಕಂದಿನಲ್ಲಿ ನನ್ನ ತರಗತಿಯಲ್ಲಿದ್ದ ನಸೀಮಾಳ ಲಂಗದಲ್ಲಿ ಆ ವಾಸನೆ ಸದಾ ಇರುತ್ತಿತ್ತು. ಅವಳಪ್ಪ ರಾಮನಗರದಲ್ಲಿ ನೂಲು ತೆಗೆಯುವವರು. ಹೊಸದಾಗಿ ನಮ್ಮ ಶಾಲೆಗೆ ಸೇರಿದ್ದ ಅವಳ ಚಿಕ್ಕಪ್ಪನ ಮಗಳು ರೆಹಾನಾಗೆ ಕನ್ನಡ ಬರುತ್ತಿರಲಿಲ್ಲ. ಮೇಷ್ಟ್ರು ಕೊಟ್ಟ ಲೆಕ್ಕವನ್ನು ನಸೀಮಾ ಉರ್ದುವಿನಲ್ಲಿ ಪಿಸುಗುಟ್ಟುತ್ತಿದ್ದಳು. ರೆಹಾನಾ ತಲೆಯಾಡಿಸಿ ಸ್ಲೇಟಿನ ಮೇಲೆ ಸರಿಯುತ್ತರ ಬರೆಯುತ್ತಿದ್ದಳು.

ನಾನು ಕ್ಲಾಸ್ ಲೀಡರ್. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಒಂದು ದಿನ ಅವರಿಬ್ಬರ ಹೆಸರನ್ನೂ ಬರೆದೆ. ಮೇಷ್ಟ್ರು ಒಳಗೆ ಬಂದು ಯಾಕೆಂದು ಕೇಳಿದರು.

"ಒಸಿ ಹೇಳ್ಕೊಡ್ತಿದ್ದೆ ಸಾ. ನಮ್ ಮಾತಲ್ಲಿ ಹೇಳುದ್ರೆ ಅವ್ಳಿಗೆ ಗೊತ್ತಾಯ್ತದೆ," ಅಂದಳು ನಸೀಮಾ.

"ನಿಮ್ಮನೆ ಮಾತು ನಿಮ್ಮನೇಲಿ ಇಟ್ಕಳಿ," ಎಂದು ಮೇಷ್ಟ್ರು ಇಬ್ಬರನ್ನೂ ದೂರ ದೂರ ಕೂರಿಸಿದರು.

ಅಂದಿನಿಂದ ರೆಹಾನಾಳ ಸ್ಲೇಟು ಖಾಲಿ. ದಸರಾ ರಜೆ ಮುಗಿದ ಮೇಲೆ ಅವಳು ಬರಲೇ ಇಲ್ಲ. ಬಿಸಿನೀರಿನ ಮುಂದೆ ಕೂತು ಗೂಡಿನ ಎಳೆ ಹುಡುಕುವ ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ಹೇಳಿದರೆ ಅಣ್ಣ ನಕ್ಕಿದ್ದ: "ಕನ್ನಡ ಕಲೀದೆ ಓದಕ್ಕೆ ಬಂದ್ರೆ ಇನ್ನೇನಾಯ್ತದೆ ಕಣೇ?"

ಈಗ ಅದೇ ಅಣ್ಣ ನನ್ನ ಮುಂದೆ ಹಾಳೆ ಇಟ್ಟ. "ಎಂ.ಎ. ಓದಿದ್ದೀಯ, ಸ್ಕೂಲ್ನೋರ್ಗೆ ಬರಿ. ಮನೆ ಮಾತಲ್ಲಿ ಹೇಳುದ್ರೆ ತಾನೇ ಮಗೀಗೆ ಗೊತ್ತಾಗದು?"

ಖಾರವಾಗಿಯೇ ಬರೆದೆ. ಪ್ರತಿ ಸಾಲೂ ನಿಜ. ಅದನ್ನೇ ಅಂದು ನಸೀಮಾ ಹೇಳಿದಾಗ ಚಾಕ್‌ಪೀಸು ನನ್ನ ಕೈಯಲ್ಲಿತ್ತು.