ನಾನು ಮರಗೆಣಸು ತಿನ್ನುತ್ತೇನೆ

ಥೈರಾಯ್ಡ್ ಮಂದವಾಗಿದೆ ಎಂದು ಗೊತ್ತಾದ ವಾರದಲ್ಲಿ ನನಗೆ ಸಿಕ್ಕಿದಷ್ಟು ಪುಕ್ಕಟೆ ಸಲಹೆ ಜೀವಮಾನದಲ್ಲಿ ಇನ್ಯಾವುದಕ್ಕೂ ಸಿಕ್ಕಿಲ್ಲ. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ನಮ್ಮ ಆಫೀಸಿನ ಎದುರಿನ ಹೋಟೆಲಿನಲ್ಲಿ ಮಧ್ಯಾಹ್ನ ಕಪ್ಪ ತರಿಸಿಕೊಂಡಿದ್ದೆ. ಕಪ್ಪ ಎಂದರೆ ನಮ್ಮ ಮರಗೆಣಸು. ಬೇಯಿಸಿ, ಹಸಿಮೆಣಸಿನಕಾಯಿ ಚಟ್ನಿಯ ಜೊತೆ ಕೊಡುತ್ತಾರೆ. ಎದುರು ಕೂತಿದ್ದ, ನನ್ನನ್ನು ಮೋಳೇ, ಅಂದರೆ ಮಗಳೇ ಎಂದೇ ಕರೆಯುವ ಹಿರಿಯ ಸಹೋದ್ಯೋಗಿ ನನ್ನ ತಟ್ಟೆಗೆ ಕೈ ಅಡ್ಡ ಹಿಡಿದರು.

"ಅಯ್ಯೋ ಮೋಳೇ, ಥೈರಾಯ್ಡಿಗೆ ಕಪ್ಪ ವಿಷ!"

"ಯಾರು ಹೇಳಿದ್ದು?"

"ಎಲ್ಲರೂ ಹೇಳುತ್ತಾರೆ."

"ಈ ಎಲ್ಲರೂ ಅನ್ನೋ ಡಾಕ್ಟರು ಯಾವ ಆಸ್ಪತ್ರೆಯಲ್ಲಿ ಕೂರುತ್ತಾರೆ?"

ಅವರು ಕೈ ತೆಗೆದರು. ನಾನು ತಿಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪುರಾವೆ ತೋರಿಸಿದರೆ ಹೋಟೆಲನ್ನೇ ಬಿಟ್ಟೇನು, ಪುರಾವೆಯಿಲ್ಲದೆ ಒಂದು ತುತ್ತನ್ನೂ ಬಿಡುವವಳಲ್ಲ. ಹಾಗಂತ ಮೊಂಡಾಟಕ್ಕೆ ತಿಂದದ್ದೂ ಅಲ್ಲ, ಮೊದಲೇ ವೈದ್ಯೆಯನ್ನು ಕೇಳಿದ್ದೆ. ಅಯೋಡಿನ್ ಇರುವ ಉಪ್ಪು ಬಳಸುತ್ತಿದ್ದರೆ ಕೋಸು, ಮರಗೆಣಸು ಚೆನ್ನಾಗಿ ಬೇಯಿಸಿ ಹಿತಮಿತವಾಗಿ ತಿನ್ನಬಹುದು ಎಂದಿದ್ದರು. ನಡೆಯಬೇಕು, ನಿದ್ದೆ ಮಾಡಬೇಕು. ಆದರೆ ಅದ್ಯಾವುದೂ ಮಾತ್ರೆಯ ಜಾಗ ತುಂಬುವುದಿಲ್ಲ. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಹಾಗೆಯೇ ಮಾಡಿದೆ. ಮೆಟ್ಟಿಲು ಹತ್ತುವಾಗ ಕಾಲಿಗೆ ಕಟ್ಟಿದಂತಿದ್ದ ಭಾರ ಕೆಲವೇ ತಿಂಗಳಲ್ಲಿ ಇಳಿಯಿತು.

ಇಳಿಯದೇ ಉಳಿದದ್ದು ಚಿಕ್ಕಮ್ಮನದು. ಅಮ್ಮನ ತಂಗಿ, ಮೈಸೂರಿನವಳು. ಬ್ಯಾಂಕಿನ ವರ್ಗಾವಣೆಯ ಮೇಲೆ ತಿರುವನಂತಪುರಕ್ಕೆ ಬಂದು ಅಲ್ಲೇ ನೆಲೆಯಾದವಳು. ಅವಳ ಥೈರಾಯ್ಡ್ ನನ್ನದಕ್ಕಿಂತ ಹಳೆಯದು. ಎರಡು ಸಲ ಮಾತ್ರೆಯ ಪ್ರಮಾಣ ಏರಿಸಿದರೂ ಬೆಳಿಗ್ಗೆ ಮುಖ ಊದುತ್ತಿತ್ತು, ಸಂಜೆ ಚಪ್ಪಲಿ ಬಿಡುವ ಮೊದಲೇ ಸೋಫಾದಲ್ಲಿ ನಿದ್ದೆ ಬರುತ್ತಿತ್ತು. ಒಂದು ದಿನ ಫೋನಿನಲ್ಲಿ ಹೇಳಿದಳು: "ತಿಂಗಳ ಕೊನೆಗೆ ಮಾತ್ರೆ ನಿಲ್ಲಿಸ್ತಿದೀನಿ ಕಣೇ. ಬರೀ ಪಥ್ಯ." ನೆಂಟರಿಷ್ಟರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪ್ರಕೃತಿ ಚಿಕಿತ್ಸಕರ ಧ್ವನಿ ಸಂದೇಶಗಳು ಓಡಾಡುತ್ತಿದ್ದವು. ಕೋಸು ಬಿಡಿ, ಮರಗೆಣಸು ಬಿಡಿ, ಕೊನೆಗೆ ಮಾತ್ರೆಯೂ ತಾನಾಗಿ ಬಿಟ್ಟುಹೋಗುತ್ತದೆ.

ಆ ಶನಿವಾರವೇ ರೈಲು ಹತ್ತಿದೆ.

ತಿರುವನಂತಪುರದ ಶ್ರೀಕಾರ್ಯಂನ ಅವಳ ಮನೆಯಲ್ಲಿ ಸಂಜೆ ವಾದ ಶುರುವಾಯಿತು. ಅವಳ ಮಗಳು, ಅಲ್ಲೇ ಹತ್ತಿರದಲ್ಲಿ ಎಂಜಿನಿಯರಿಂಗ್ ಓದುವವಳು, ತೀರ್ಪುಗಾರಳಂತೆ ಮಧ್ಯೆ ಕೂತಳು.

"ಇಷ್ಟು ವರ್ಷ ನುಂಗಿದೀನಿ, ಏನಾಯ್ತು? ಡೋಸು ಏರ್ತು, ನಾನು ಇಳಿದೆ."

"ಕೋಸು ಬಿಟ್ಟು ಎರಡು ತಿಂಗಳಾಯ್ತಲ್ಲ ಚಿಕ್ಕಮ್ಮ, ಏನಾಯ್ತು?"

"ಅದಕ್ಕೆ ಟೈಮ್ ಬೇಕು ಕಣೇ."

"ಮಾತ್ರೆಗೆ ಟೈಮಿಲ್ಲ, ಕೋಸಿಗೆ ಟೈಮಿದೆ! ಅದೇನು ಕೋಸಿನ ಮೇಲೆ ಅಷ್ಟು ಕರುಣೆ?"

"ನಿನ್ನ ಹತ್ರ ಮಾತಾಡಿ ಗೆಲ್ಲೋಕಾಗಲ್ಲ ಅಂತ ಗೊತ್ತು. ಅದಕ್ಕೇ ಮಾತಾಡಲ್ಲ. ಮಾತ್ರೆ ಬಿಡ್ತೀನಿ."

ತಂಗಿ ಮಲಯಾಳದಲ್ಲಿ ತೀರ್ಪು ಕೊಟ್ಟಳು: "ಚೇಚಿ ಜಯಿಚ್ಚು. ಅಮ್ಮ ತೋಟ್ಟಿಲ್ಲ." ಅಕ್ಕ ಗೆದ್ದಳು, ಅಮ್ಮ ಸೋಲಲಿಲ್ಲ. ಕನ್ನಡ ಪೂರ್ತಿ ಅರ್ಥವಾದರೂ ಅದರಲ್ಲಿ ಉತ್ತರ ಕೊಡದ ಹುಡುಗಿ ಇಡೀ ಸಂಜೆಯಲ್ಲಿ ಆಡಿದ ಏಕೈಕ ಸರಿಯಾದ ಮಾತು ಅದು.

ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಚಿಕ್ಕಮ್ಮ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸುತ್ತಿದ್ದಳು. ಪುಡಿ ಇಂದಿಗೂ ಮೈಸೂರಿನಿಂದಲೇ ಬರಬೇಕು. ಹಾಲು ಬೆರೆಸಿದಳು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟಳು, ಬಿಸಿ ಕಾಫಿಯ ಒಂದು ಗುಟುಕಿನಲ್ಲಿ ಒಳಗಿಳಿಸಿದಳು.

"ಚಿಕ್ಕಮ್ಮ! ಈಗೇನು ಮಾಡ್ದೆ?"

"ಮಾತ್ರೆ ತಗೊಂಡೆ. ತಿಂಗಳು ಮುಗಿಯೋವರೆಗಾದ್ರೂ ತಗೋತೀನಿ ಅಂದಿಲ್ವಾ?"

"ಖಾಲಿ ಹೊಟ್ಟೇಲಿ ಅಂತ ಹೇಳಿಲ್ವಾ ಡಾಕ್ಟ್ರು?"

"ಖಾಲಿ ಹೊಟ್ಟೇನೇ! ತಿಂಡಿ ತಿಂದಿದ್ದು ನೋಡಿದ್ಯಾ ನೀನು?"

"ಕಾಫಿ?"

"ಕಾಫಿಗೆ ಯಾರಾದ್ರೂ ಆಹಾರ ಅಂತಾರೇನೇ? ನಿಮ್ಮಜ್ಜಿ ಏಕಾದಶಿ ದಿನ ಒಂದಗುಳು ಮುಟ್ತಿರ್ಲಿಲ್ಲ. ಕಾಫಿ ಎರಡು ಸಲ ಆಗ್ತಿತ್ತು. ಉಪವಾಸ ಕೆಟ್ಟಿತ್ತಾ?"

ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ನಮ್ಮ ಮನೆಗಳಲ್ಲಿ ಕಾಫಿ ಲೆಕ್ಕಕ್ಕೇ ಇಲ್ಲ. "ಏನಾದ್ರೂ ತಗೊಂಡ್ಯಾ?" ಎಂದರೆ "ಇಲ್ಲ, ಬರೀ ಕಾಫಿ" ಎನ್ನುತ್ತೇವೆ. ಚಿಕ್ಕಮ್ಮನ ವೈದ್ಯೆ ಪ್ರತಿ ಸಲವೂ ಖಾಲಿ ಹೊಟ್ಟೆಯಲ್ಲಿ ತಾನೇ ಎಂದು ಕೇಳಿದ್ದರು, ಇವಳು ಪ್ರತಿ ಸಲವೂ ಹೌದೆಂದಿದ್ದಳು. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿಯೇ. ನಮ್ಮ ಕಾಫಿ ಆಹಾರದ ಸರಹದ್ದಿನ ಆಚೆಗಿದೆ ಎಂದು ಆ ಮಲಯಾಳಿ ವೈದ್ಯೆಗೆ ಹೇಗೆ ಗೊತ್ತಾಗಬೇಕು? ನಾನು ಬಚಾವಾದದ್ದೂ ಬುದ್ಧಿಯಿಂದಲ್ಲ. ಕೊಚ್ಚಿಯ ನನ್ನ ಬಾಡಿಗೆ ಕೋಣೆಯಲ್ಲಿ ಫಿಲ್ಟರೇ ಇಲ್ಲ.

"ಮಾತ್ರೆ ಮೈಗೆ ಹಿಡಿಯೋಕೆ ಆ ಕಾಫಿ ಬಿಡ್ತಿಲ್ಲ ಚಿಕ್ಕಮ್ಮ. ಮಾತ್ರೆ ನಿಲ್ಲಿಸ್ಬೇಡ. ನೀರಲ್ಲಿ ನುಂಗು, ಕಾಫೀನ ಒಂದು ಗಂಟೆ ಮುಂದೆ ಹಾಕು."

ಮಾತ್ರೆಯ ವಿಷಯಕ್ಕೆ ಬಾರದ ಕೋಪ ಈಗ ಬಂತು. "ಕೋಸು ಬಿಟ್ಟೆ, ಕಪ್ಪ ಬಿಟ್ಟೆ. ಕಾಫಿ ತಂಟೆಗೆ ಬರಬೇಡ!"

"ಕೋಸು ನಿನಗೆ ಹುಟ್ಟಿದಾಗಿನಿಂದ ಆಗಲ್ಲ. ಆಗದ್ದನ್ನ ಬಿಟ್ಟರೆ ಅದು ಪಥ್ಯ ಅಲ್ಲ, ರಜಾ."

ಅವಳು ನಕ್ಕುಬಿಟ್ಟಳು. ಹಿಂದಿನ ಸಂಜೆಯ ನನ್ನ ಅಷ್ಟೂ ತರ್ಕದಿಂದ ಅಲ್ಲಾಡದ್ದು ಆ ನಗೆಯಲ್ಲಿ ಸ್ವಲ್ಪ ಅಲ್ಲಾಡಿತು.

"ಆ ಒಂದು ಗಂಟೆ ಏನು ಮಾಡ್ಲಿ? ಗೋಡೆ ನೋಡ್ಲಾ?"

"ವಾಕ್ ಹೋಗು."

ಹೀಗೆ ಅವಳ ಜೀವನಶೈಲಿ ಬದಲಾಯಿತು. ಸಂಕಲ್ಪದಿಂದಲ್ಲ, ಕಾಫಿಗಾಗಿ ಕಾಯುವ ಸಂಕಟದಿಂದ. ವೈದ್ಯೆಗೂ ವಿಷಯ ತಿಳಿಸಿದಳು. ಡೋಸು ಹಾಗೇ ಇರಲಿ, ಎರಡು ತಿಂಗಳಾದ ಮೇಲೆ ರಕ್ತಪರೀಕ್ಷೆ ಮಾಡಿಸಿ ಎಂದರಂತೆ. ಆ ಪರೀಕ್ಷೆಯ ಫಲ ಬಂದಾಗ ಡೋಸನ್ನು ಇಳಿಸಬೇಕಾಯಿತು.

ಫೋನಿನಲ್ಲಿ ಅವಳ ದನಿಯೇ ಬೇರೆಯಾಗಿತ್ತು. "ಡೋಸು ಕಮ್ಮಿ ಮಾಡಿದ್ರು ಕಣೇ! ಕೋಸು, ಕಪ್ಪ ಬಿಟ್ಟಿದ್ದು ಕೆಲಸ ಮಾಡ್ತು ನೋಡು. ಗುಂಪಿಗೂ ಹಾಕಿದೀನಿ."

ನನ್ನ ಕಿವಿ ಬಿಸಿಯಾಯಿತು. ಶ್ರೇಯಸ್ಸು ಕೋಸಿಗೆ ಹೋಯಿತೆಂದಲ್ಲ. ಹೋಗಲಿ, ಅದಾದರೂ ಬದುಕಲಿ. ಆದರೆ ಆ ಗುಂಪಿನಲ್ಲಿ ಮಾತ್ರೆ ಬಿಡಲು ತುದಿಗಾಲಲ್ಲಿ ನಿಂತವರಿದ್ದರು. ಎಲ್ಲರೂ ನಮ್ಮವರೇ, ಕಾಫಿಯನ್ನು ಲೆಕ್ಕಕ್ಕೆ ಹಿಡಿಯದವರು.

ಮುಂದಿನ ಶನಿವಾರ ರೈಲಿಳಿದು ನೇರ ಚಾಲೈ ಮಾರುಕಟ್ಟೆಗೆ ಹೋದೆ. ಒಂದು ಕೋಸು, ತೋಳಿನಷ್ಟು ದಪ್ಪದ ಮರಗೆಣಸು ಕೊಂಡು ಅವಳ ಅಡುಗೆಕಟ್ಟೆಯ ಮೇಲೆ ಧಡ್ ಎಂದು ಇಟ್ಟೆ.

"ಇದೇನೇ?"

"ಸಾಕ್ಷಿಗಳು. ಕೋಸು, ಕಪ್ಪ ಬಿಟ್ಟಿದ್ದೂ ಇತ್ತು, ಕಾಫಿ ಮುಂದೆ ಹಾಕಿದ್ದೂ ಇತ್ತು. ಯಾವುದು ಕೆಲಸ ಮಾಡ್ತು ಅಂತ ಹೇಗೆ ಹೇಳ್ತೀಯ? ಈಗ ಇವೆರಡನ್ನೂ ತಿನ್ನು. ಮಾತ್ರೆ ನೀರಲ್ಲಿ, ಕಾಫಿ ತಡವಾಗಿ, ಅದು ಹಾಗೇ ಇರ್ಲಿ. ಮುಂದಿನ ರಿಪೋರ್ಟ್ ಕೆಟ್ಟರೆ ನಾನು ಜನ್ಮದಲ್ಲಿ ಕೋಸು ಮುಟ್ಟಲ್ಲ."

"ಕೆಡದಿದ್ರೆ?"

"ಗುಂಪಲ್ಲಿ ನೀನೇ ಹೇಳ್ಬೇಕು. ಕಾಫಿ ಅಂತ."

"ಬ್ಯಾಂಕಲ್ಲಿ ಇಷ್ಟು ವರ್ಷ ಕೆಲಸ ಮಾಡಿದೋಳಿಗೆ ಮಾತ್ರೆ ನುಂಗೋಕೆ ಬರಲ್ಲ ಅಂತ ಆಡ್ಕೋತಾರೆ ಕಣೇ."

"ಆಡ್ಕೊಳ್ಳಲಿ. ಅಷ್ಟರೊಳಗೆ ಯಾರಾದ್ರೂ ನಿನ್ನ ಮಾತು ಕೇಳಿ ಮಾತ್ರೆ ಬಿಟ್ಟಿದ್ರೆ?"

ಅವಳು ಮರಗೆಣಸಿನ ಸಿಪ್ಪೆಗೆ ಚಾಕು ಹಾಕಿದಳು. ಹೋಳು ಮಾಡಿ ಬೇಯಲಿಟ್ಟಳು. ಒಮ್ಮೆ ಬೆಂದ ನೀರು ಬಸಿದಳು. ಆಮೇಲೆ ಕೈ ಒರೆಸಿಕೊಂಡು, ನನ್ನ ಕಡೆ ನೋಡದೆಯೇ, ಫೋನು ಬಾಯಿಯ ಹತ್ತಿರ ಹಿಡಿದಳು.

"ಎಲ್ರಿಗೂ ನಮಸ್ಕಾರ. ಯಾರೂ ಮಾತ್ರೆ ಬಿಡಬೇಡಿ. ನಾನು ಅದನ್ನ ಕಾಫೀಲಿ ನುಂಗ್ತಿದ್ದೆ, ಅದೇ ತಪ್ಪಾಗಿತ್ತು. ನೀರಲ್ಲಿ ತಗೊಳ್ಳಿ. ಕೋಸಿನ ವಿಚಾರ ಇನ್ನೂ ಪರೀಕ್ಷೇಲಿದೆ."

ಕೊನೆಯ ವಾಕ್ಯಕ್ಕೆ ಆಕ್ಷೇಪಣೆ ಎತ್ತಲು ನಾನು ಬಾಯಿ ತೆರೆದೆ. "ಅಮ್ಮೇ, ಚೇಚೀ, ಮದಿ!" ಎಂದು ತಂಗಿ ಒಳಗಿನಿಂದ ಕೂಗಿದಳು, ಸಾಕು ಮಾಡಿ ಎಂದು.

ತಟ್ಟೆಗೆ ಬಡಿಸುವಷ್ಟರಲ್ಲಿ ಫೋನು ಟಿಣ್ ಎಂದಿತು. ಮೈಸೂರಿನಿಂದ ಯಾರೋ ಅತ್ತೆ ಕೇಳಿದ್ದರು: ಹಾಲಿಲ್ಲದ ಕಾಫಿ ಆದ್ರೆ ಪರವಾಗಿಲ್ವಾ?

ಚಿಕ್ಕಮ್ಮನ ಬಾಯಿ ತುಂಬ ಮರಗೆಣಸು. ಫೋನನ್ನು ನನ್ನ ಕಡೆ ತಳ್ಳಿ, ನುಂಗಿಕೊಂಡು ಹೇಳಿದಳು: "ಅದೂ ಕಾಫೀನೇ ಅಂತ ಹಾಕು. ವಾದ ಮಾಡಿದ್ರೆ ನಂಗೆ ಕೊಡು, ನಾನು ನೋಡ್ಕೋತೀನಿ."