ಸಗಣಿಯಲ್ಲಿ ಸಿಕ್ಕ ಬೆಟ್ಟ

ಇವತ್ತು ಬೆಳಿಗ್ಗೆ ಕೊಟ್ಟಿಗೆ ಬಾಚುವಾಗ ಸಗಣಿಯಲ್ಲಿ ಏಳೆಂಟು ನೇರಳೆ ಬೀಜ ಕಂಡವು. ಮೂಗು ಮುಚ್ಚಿಕೊಳ್ಳಬೇಡಿ ಮಾರಾಯರೇ. ಒಂದು ಕಾಲಕ್ಕೆ ನಾನೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಸಗಣಿ ಎತ್ತಿದವಳು. ಕೆ.ಆರ್. ನಗರದ ಪೇಟೆ ಬೀದಿಯಲ್ಲಿ ಬೆಳೆದವಳನ್ನು ತಂದು ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗೆ ಕೊಟ್ಟರೆ ಇನ್ನೇನಾಗುತ್ತದೆ? ಸಗಣಿಯನ್ನು ಓದಲಿಕ್ಕೂ ಬರುತ್ತದೆ ಎಂದು ತೋರಿಸಿಕೊಟ್ಟವರು ನಮ್ಮ ಅತ್ತೆ.

ಆಗೆಲ್ಲ ಯುಗಾದಿ ಕಳೆದು ಊರಿನ ಹುಲ್ಲು ಒಣಗಿತೆಂದರೆ ಗಂಡಸರು ದನ ಕೂಡಿಸಿ ಬೆಟ್ಟಕ್ಕೆ ಹೊಡೆಯುತ್ತಿದ್ದರು. ಉಳುವ ಎತ್ತು, ಕರೆಯುವ ಹಸು ಮನೆಯಲ್ಲಿ. ಮಿಕ್ಕವೆಲ್ಲ ಕಾಡಿನೊಳಗಿನ ದೊಡ್ಡಿಗೆ. ದೊಡ್ಡಿ ಎಂದರೆ ಸುತ್ತ ಮುಳ್ಳುಬೇಲಿ ಕಟ್ಟಿದ ಬಯಲು, ಅಷ್ಟೆ. ಹಗಲೆಲ್ಲ ಬೆಟ್ಟದಲ್ಲಿ ಮೇದು ಸಂಜೆ ಅಲ್ಲಿಗೆ ಬಂದು ಕೂಡುವುದು, ಮುಂಗಾರು ಹಿಡಿದ ಮೇಲೆ ಊರಿಗೆ ವಾಪಸು. ಮಾವನೂ ಕಂಬಳಿ, ರಾಗಿಹಿಟ್ಟು ಹೊತ್ತು ಹೋಗುತ್ತಿದ್ದರು. ಹೆಂಗಸರು ಮಾತ್ರ ಹೋಗುವ ಹಾಗಿಲ್ಲ. ಹೆಂಗಸಿನ ನೆರಳು ಬಿದ್ದರೆ ದೊಡ್ಡಿಗೆ ಹುಲಿ ಬರುತ್ತದಂತೆ! ಹುಲಿಗೆ ದನ ಬೇಕೋ ನಮ್ಮ ನೆರಳು ಬೇಕೋ, ಅದನ್ನೇ ಕೇಳಬೇಕು.

ಅತ್ತೆಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ತಮ್ಮ ಕೆಂಪಿ ಹಸು ಬೇಸಿಗೆ ಕಳೆಯುವ ಜಾಗವನ್ನು ಒಂದು ಸಲ ಕಣ್ಣಾರೆ ನೋಡಬೇಕು. ಹೇಗಿದೆ ಎಂದು ಮಾವನನ್ನು ಕೇಳಿದರೆ, ಅವರು ಎಲೆಅಡಿಕೆ ಉಗಿದು, "ಅಳ್ಳದ ಮಗ್ಗುಲಲ್ಲಿ ನೇರಳೆ ಮರ ಅದೆ, ಪಕ್ಕದಲ್ಲಿ ದೊಡ್ಡಿ ಅದೆ. ಇನ್ನೇನು ಅರಮನೆ ಇದ್ದದಾ ಅಲ್ಲಿ?" ಎನ್ನುವರು.

ಅದಕ್ಕೇ ಅತ್ತೆ ಕೆಂಪಿಯನ್ನೇ ಕೇಳುತ್ತಿದ್ದರು. ದನ ಬೆಟ್ಟದಿಂದ ಇಳಿದ ಮಾರನೆಯ ಬೆಳಿಗ್ಗೆ ಅದರ ಸಗಣಿ ಕೆದಕುತ್ತಾ, "ನೋಡಮ್ಮಿ, ನೇರಳೆ ಬೀಜ. ಅಳ್ಳಕ್ಕೆ ಇಳಿದವ್ಳೆ. ಇದು ಬಿದಿರೆಲೆ ನಾರು. ಬೆಟ್ಟದ ನೆತ್ತಿಗಂಟ ಅತ್ತವ್ಳೆ ಕಳ್ಳಿ!" ಎನ್ನುವರು. ನೆಂಟರ ಮನೆಯಿಂದ ಬಂದ ಮಗಳನ್ನು ಏನಡುಗೆ ಮಾಡಿದ್ದರು ಎಂದು ಕೇಳುವ ಹಾಗೆ. ನನಗೆ ಮೊದಮೊದಲು ನಗು. ಆಮೇಲೆ ನಾನೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇದೇನತ್ತೆ, ಇದು?" ಎಂದು ಕಡ್ಡಿ ಆಡಿಸತೊಡಗಿದೆ. ಸೆರಗು ಯಾವಾಗ ಮೂಗಿನಿಂದ ಜಾರಿತೋ ಕಾಣೆ. ಆ ಬೀಜಗಳನ್ನು ಅತ್ತೆ ಹಿತ್ತಲಲ್ಲಿ ಊರಿದರು. ಒಂದು ಮರವಾಯಿತು.

ಆಮೇಲೆ ಅರಣ್ಯ ಇಲಾಖೆಯವರು ತಡೆದು ಕಾಡಿಗೆ ದನ ಬಿಡುವುದು ನಿಂತಿತು. ಮಾವ ಹೋದರು, ಕೆಂಪಿಯೂ ಹೋಯಿತು. ಅತ್ತೆಯ ಆಸೆ ಮಾತ್ರ ಹಾಗೇ ಉಳಿಯಿತು.

ಹೋದ ವರ್ಷ ಬೇಸಿಗೆಯ ಒಂದು ಮಳೆ ಬಿದ್ದ ಮೇಲೆ ಅವರನ್ನು ಅದೇ ಕಾಡಿನ ಸಫಾರಿ ಬಸ್ಸಿಗೆ ಹತ್ತಿಸಿದೆ. ಬಸ್ಸಿನವರೆಲ್ಲ ಹುಲಿಗಾಗಿ ಕತ್ತು ಚಾಚಿದ್ದರೆ ಅತ್ತೆ ಹಳ್ಳ ಹುಡುಕುತ್ತಿದ್ದರು. ಹಳ್ಳದ ತಿರುವಿನಲ್ಲಿ ದೊಡ್ಡ ನೇರಳೆ ಮರ ಕಂಡಿತು. ಸುತ್ತಲೂ ಹುಲ್ಲು ಇನ್ನೂ ಬೆಳ್ಳಗಿತ್ತು, ಮರದ ಪಕ್ಕದಲ್ಲಿ ಮಾತ್ರ ದುಂಡಗೆ ಒಂದು ಕಡುಹಸಿರು ಬಯಲು. ಅದರ ತುಂಬ ಜಿಂಕೆಗಳು.

"ನಿಲ್ಸಪ್ಪ!" ಎಂದರು ಅತ್ತೆ.

"ಜಿಂಕೆ ಎಲ್ಲೆಲ್ಲೂ ಸಿಗ್ತವೆ ಅಜ್ಜಿ. ಮುಂದ್ಕೆ ಉಲಿ ಇದ್ರೂ ಇರ್ಬೌದು" ಎಂದ ಡ್ರೈವರ್.

"ಉಲಿನ ನೀನೇ ಇಟ್ಕಳಪ್ಪ, ಒಸಿ ನಿಲ್ಸು."

ಬಸ್ಸು ನಿಂತಿತು. ಅತ್ತೆ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದರು. "ಅಲ್ ಮಾತ್ರ ಅಂಗ್ಯಾಕೆ ಅಸಿರಾಗದೆ ಗೊತ್ತಾ? ಏಟೋ ವರ್ಸದ ಸಗಣಿ ಕಣಮ್ಮಿ, ನಮ್ ಕೆಂಪಿದು. ಈಗ ಜಿಂಕೆ ಮೇಯ್ತಾವೆ." ಅವರ ಕಣ್ಣು ತುಂಬಿತ್ತು. ಬಸ್ಸು ಹೊರಟಾಗ ಕಣ್ಣೊರೆಸಿಕೊಂಡು ನಕ್ಕರು: "ನನ್ ನೆಳ್ಳು ಬೀಳ್ನಿಲ್ಲ ಬುಡು, ಬಸ್ಸಿನ್ ನೆಳ್ಳು ಬಿದ್ದದೆ."

ಈಗ ನಮ್ಮ ಕೊಟ್ಟಿಗೆಯಲ್ಲಿ ಇರುವುದೊಂದು ಸೀಮೆಹಸು. ಹಿಂಡಿ, ಬೂಸ ತಿಂದು ನಿಂತಲ್ಲೇ ನಿಂತಿರುತ್ತದೆ. ಅದರ ಸಗಣಿಯಲ್ಲಿ ಯಾವತ್ತೂ ಏನೂ ಸುದ್ದಿ ಇರುತ್ತಿರಲಿಲ್ಲ. ಇವತ್ತು ಇತ್ತು. ಬೀಜಗಳನ್ನು ತೊಳೆದು ಜಗಲಿಯಲ್ಲಿ ಕೂತಿದ್ದ ಅತ್ತೆಯ ಅಂಗೈಗೆ ಹಾಕಿದೆ.

"ನೇರಳೆ!" ಎಂದರು, ಬೆರಳಲ್ಲೇ ಉಜ್ಜಿ ನೋಡಿ. "ಇವ್ಳು ಯಾವಾಗ್ ಓಗಿದ್ಲಮ್ಮಿ?"

"ಮೊನ್ನೆ ಮಧ್ಯಾಹ್ನ ನಾನು ಮಲಗಿದ್ದಾಗ ಗೂಟ ಕಿತ್ತುಕೊಂಡು ಹಿತ್ತಲಿಗೆ ಹೋಗಿದ್ದಳು ಅತ್ತೆ."

"ಅಂಗಾರೆ ಇವ್ಳೂ ಬೆಟ್ಟ ನೋಡ್ಕಂಡ್ ಬಂದವ್ಳೆ ಬುಡು!"

ಕೊಟ್ಟಿಗೆಗೆ ಗಟ್ಟಿಯಾಗಿ ಹೊಡೆಯೋಣವೆಂದು ಹೊಸ ಗೂಟ ಕೆತ್ತಿ ಇಟ್ಟುಕೊಂಡಿದ್ದೆ. ಅದನ್ನು ತೆಗೆದುಕೊಂಡು ಹೋಗಿ ಹಿತ್ತಲ ನೇರಳೆ ಮರದ ಕೆಳಗೆ ಹೊಡೆದೆ.