ಶನಿವಾರ ಆರು ಗಂಟೆಯ ಬ್ಯಾಕಪ್

ಸೈನ್ಯದಿಂದ ನಿವೃತ್ತನಾಗಿ ಬ್ರಹ್ಮಾವರಕ್ಕೆ ಬಂದ ಮೇಲೂ ನಾನು ದಿನಚರಿ ಬಿಡಲಿಲ್ಲ. ಕಂಪ್ಯೂಟರಿಗೂ ಒಂದು ದಿನಚರಿ ಇತ್ತು. ಶನಿವಾರ ಬೆಳಿಗ್ಗೆ ಆರಕ್ಕೆ ಲಿನಕ್ಸ್ ಅಪ್‌ಡೇಟ್, ಬೇಡದ ಫೈಲುಗಳನ್ನು ಗುಡಿಸುವುದು, ಎಲ್ಲದರ ಪ್ರತಿ ಒಂದೇ ಪೆನ್ ಡ್ರೈವಿಗೆ.

"ಹ್ವಾಯ್ ಮಿಲಿಟ್ರಿ, ನಿಮ್ ಕಂಪ್ಯೂಟರ್ ಬೆಳಿಗ್ಗೆ ಎದ್ದ್ ಶೇವಿಂಗೂ ಮಾಡ್ಕಂತ್ತಾ?" ಎಂದು ನಾವುಂದದ ಗೆಳೆಯ ಚೇಷ್ಟೆ ಮಾಡುತ್ತಿದ್ದ.

ಅವನು ಶಾಲಾ ಮಾಸ್ತರನಾಗಿದ್ದವ. ಮೀನುಗಾರರ ಬಾಯಿಂದ ಬಲೆ, ಗಾಳಿ, ಮೀನುಗಳ ಹೆಸರು ಕೇಳಿ ಚೀಟಿಗಳಲ್ಲಿ ಬರೆದಿಟ್ಟಿದ್ದ. ಅವನ್ನು ಸೇರಿಸಲು ತಾನೇ ಒಂದು ಪ್ರೋಗ್ರಾಂ ಬರೆದು ನನ್ನ ಕಂಪ್ಯೂಟರಿಗೆ ಹಾಕಿಸಿ, ಚೀಟಿಗಳ ಪದಗಳನ್ನೆಲ್ಲ ಅದರಲ್ಲಿ ತುಂಬಿದ. ಅವನು ತೀರಿಕೊಂಡಾಗ ನನ್ನಲ್ಲಿ ಉಳಿದದ್ದು ಓಡುವ ಪ್ರೋಗ್ರಾಂ ಮತ್ತು ಅದರೊಳಗಿನ ಪದಗಳು ಮಾತ್ರ. ಪ್ರೋಗ್ರಾಮಿನ ಸೋರ್ಸ್ ಕೋಡ್ ಎಲ್ಲೂ ಸಿಗಲಿಲ್ಲ. ವರ್ಷಾಂತಿಕಕ್ಕೆ ಆ ಪದಗಳನ್ನು ಪುಸ್ತಕ ಮಾಡಿ ಹಂಚಬೇಕೆಂದು ಅವನ ಹೆಂಡತಿ ಕೇಳಿದರು. ಎಲ್ಲ ಕಂಪ್ಯೂಟರಿನಲ್ಲಿ ಭದ್ರವಾಗಿದೆ ಎಂದೆ.

ಆಮೇಲೆ ಲಿನಕ್ಸಿನ ಹೊಸ ಆವೃತ್ತಿ ಹಾಕಿದೆ. ಪ್ರೋಗ್ರಾಂ ತೆರೆಯಲಿಲ್ಲ. ಒಂದು ಸಿಂಬಲ್, ಎಂದರೆ ಅದು ಕರೆಯುವ ಒಂದು ಹೆಸರು, ಸಿಗುತ್ತಿಲ್ಲ ಎಂಬ ಒಂದೇ ಸಾಲು ಬಂತು. ಪ್ರೋಗ್ರಾಂ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಕೆಲವನ್ನು ಲಿನಕ್ಸಿನ ಲೈಬ್ರರಿ ಎಂಬ ಸಿದ್ಧ ಕೆಲಸಗಳ ಫೈಲಿನಿಂದ ಹೆಸರು ಹಿಡಿದು ಕರೆದು ಮಾಡಿಸುತ್ತದೆ. ಹೊಸ ಲೈಬ್ರರಿಯಲ್ಲಿ ಆ ಹೆಸರೇ ಇರಲಿಲ್ಲ. ಹಳೆಯದನ್ನು ನಾನೇ ಗುಡಿಸಿ ಹಾಕಿದ್ದೆ.

ಹೊಸದರಲ್ಲಿ ಅದೇ ಕೆಲಸದ್ದೆಂದು ಕಂಡ ಬೇರೊಂದು ಹೆಸರಿತ್ತು. ಹಳೆಯ ಹೆಸರಿನಲ್ಲಿ ಕರೆದರೆ ಅದಕ್ಕೆ ದಾಟಿಸುವ ಪುಟ್ಟ ಫೈಲೊಂದನ್ನು ಬರೆದೆ. ಪ್ರೋಗ್ರಾಂ ತೆರೆಯಿತು. ಮೊದಲ ಪುಟದಲ್ಲಿ ಹೊಳೆ ಕಡಲು ಸೇರುವ ಜಾಗದ ಹೆಸರು 'ಅಳಿವೆ' ಸರಿಯಾಗಿ ಕಂಡಿತು. ಖುಷಿಯಾಗಿ ಮುಚ್ಚಿದೆ. ಮುಚ್ಚುವಾಗ ಅದು ಇಡೀ ಸಂಗ್ರಹವನ್ನು ಮತ್ತೆ ಬರೆದಿಡುತ್ತದೆಂದು ನನಗೆ ಗೊತ್ತಿತ್ತು. ಹೊಸ ಲೈಬ್ರರಿ ಮಾಹಿತಿಯನ್ನು ಬೇರೆ ಅಳತೆಯಲ್ಲಿ ಜೋಡಿಸುತ್ತದೆ, ಹಾಗೆ ಬರೆದಿಟ್ಟರೆ ಅಕ್ಷರಗಳು ಕಲಸಿಹೋಗುತ್ತವೆ ಎಂಬುದನ್ನು ನಾನು ನೋಡಿಕೊಂಡಿರಲಿಲ್ಲ. ಮರುದಿನ ಶನಿವಾರ. ಆರು ಗಂಟೆಗೆ ಸರಿಯಾಗಿ, ಪೆನ್ ಡ್ರೈವಿನಲ್ಲಿದ್ದ ಒಳ್ಳೆಯ ಪ್ರತಿಯ ಮೇಲೆ ಗೊತ್ತಿಲ್ಲದೆ ಹಾಳಾದದ್ದನ್ನು ಹಾಕಿದೆ.

ಭಾನುವಾರ ಪ್ರಿಂಟ್ ತೆಗೆಯಲು ಕುಳಿತರೆ ಎರಡನೇ ಪುಟದಿಂದ ಬರೀ ಚೌಕ, ಪ್ರಶ್ನೆಚಿಹ್ನೆ. ಹಳೆಯ ಲೈಬ್ರರಿಯನ್ನು ಇಂಟರ್ನೆಟ್ಟಿನ ಲಿನಕ್ಸ್ ಸಂಗ್ರಹಾಗಾರದಿಂದ ಇಳಿಸಿ, ಬೇರೆ ಫೋಲ್ಡರಿನಲ್ಲಿಟ್ಟು, ಈ ಪ್ರೋಗ್ರಾಮಿಗೆ ಮಾತ್ರ ತೋರಿಸಿದೆ. ಅರ್ಧ ಗಂಟೆಯ ಕೆಲಸ. ಮೊದಲೇ ಮಾಡಬೇಕಾಗಿದ್ದದ್ದು. ಪ್ರೋಗ್ರಾಂ ಒಂದು ತಪ್ಪೂ ಇಲ್ಲದೆ ಓಡಿತು, ಪದಗಳೇ ಹಾಳಾಗಿದ್ದರಿಂದ ಅವೇ ಚೌಕಗಳನ್ನು ತೋರಿಸಿತು.

ಅವನ ಹೆಂಡತಿ ಬಸ್ಸಿನಲ್ಲಿ ಬಂದರು. ಹೇಳಿದೆ.

"ಗಾಳಿ ಹೆಸ್ರಾರೂ ಉಳಿತಾ ಅಣ್ಣಾ?"

"ಇಲ್ಲಮ್ಮ, ಒಂದೇ ಪುಟ. ಅವನ ಚೀಟಿ ಉಂಟಲ್ಲ, ನಾನೇ ಕೂತು ಮತ್ತೆ ಟೈಪ್ ಮಾಡ್ತೆ."

"ಚೀಟಿ ಎಲ್ಲಿತ್ತ್? ಗೆದ್ಲ್ ಹಿಡೀತಿತ್ತ್. ಕಂಪ್ಯೂಟರಂಗೆ ಇತ್ತಲ್ದಾ ಅಂದ್ಕಂಡ್ ಬಚ್ಚಲ್ ಒಲೆಗ್ ಹಾಕ್ದೆ. ನೀವೇ ಹೇಳದ್ದಲ್ದಾ, ಭದ್ರ ಇತ್ತ್ ಅಂದೇಳಿ?"

ಪ್ರಿಂಟಾದ ಒಂದು ಪುಟವನ್ನು ಕೊಟ್ಟೆ. ಮಡಚಿ ಚೀಲಕ್ಕೆ ಹಾಕಿಕೊಂಡು, ಚಾ ಬೇಡವೆಂದು ಹೊರಟರು. ವರ್ಷಾಂತಿಕಕ್ಕೆ ಬನ್ನಿ ಎಂಬ ಹೇಳಿಕೆ ನನಗೆ ಬರಲಿಲ್ಲ.

ಮುಂದಿನ ಶನಿವಾರ ಆರಕ್ಕೆ ಕೈ ತಾನಾಗಿ ಪೆನ್ ಡ್ರೈವ್ ಚುಚ್ಚಿತು. ಎಲ್ಲ ಫೈಲುಗಳೂ ಸರಿಯಾಗಿ ಪ್ರತಿಯಾದವೆಂದು ಪರದೆಯಲ್ಲಿ ಬಂತು.